ಕನ್ನ

ನಮ್ಮಲ್ಲಿ ಕನ್ನವೆಂದರೆ ಗೋಡೆ ಕೊರೆದ ತೂತು,
ಅಮಾವಾಸ್ಯೆ, ಮೈಗೆ ಎಣ್ಣೆ ಬಳಿದುಕೊಂಡ ಕಳ್ಳ.
ನಾಮಕ್ವಾಲ್ಯಾಂಡಿನಲ್ಲಿ ಕನ್ನ ಒಂದು ಗಿಡ.
ಗಿಡವೆನ್ನಲೂ ಸಂಕೋಚ. ಬೆಣಚುಕಲ್ಲುಗಳ ನಡುವೆ
ಮೊಣಕಾಲೂರಿ ಹುಡುಕಬೇಕು.
ಒಣಗಿದ ಎಲೆಯಲ್ಲಿ ನರಗಳಷ್ಟೇ ಉಳಿದು
ಎಲುಬುಗೂಡಿನಂತೆ ಒಳಗಿನ ಹಸಿಯನ್ನು ಕಾಯುತ್ತಿರುತ್ತವೆ.

ಟ್ರೈನ್‌ಕಿ ಲಿಂಕ್ಸ್, ವಯಸ್ಸು ಎಪ್ಪತ್ತೊಂದು.
ತಾಮ್ರದ ಗಣಿಯಲ್ಲಿ ಗಂಡನ ಶ್ವಾಸಕೋಶ ಹೋಯಿತು,
ಆಮೇಲೆ ಗಣಿಯೂ ಹೋಯಿತು.
ಎರಡು ಕಲ್ಲಿನ ನಡುವೆ ಸೊಪ್ಪು ಜಜ್ಜಿ
ಚೀಲಕ್ಕೆ ತುಂಬಿ ಬಾಯಿ ಬಿಗಿಯುತ್ತಾಳೆ.
ಅವಳಜ್ಜಿಯ ಕಾಲಕ್ಕೆ ಆಡಿನ ತೊಗಲು;
ಈಗ ಸಕ್ಕರೆ ಬಂದ ಪ್ಲಾಸ್ಟಿಕ್ ಚೀಲ,
ಮೇಲಿನ ಅಕ್ಷರ ಅರ್ಧ ಅಳಿಸಿದೆ.
ತಗಡಿನ ಮಾಡಿನ ಮೇಲೆ ಎಂಟು ದಿನ ಬಿಸಿಲು,
ಮೂರನೆಯ ದಿನ ಬಿಚ್ಚು, ಕಲಕು, ಮತ್ತೆ ಕಟ್ಟು.
ವಾಸನೆ ಹುಳಿ ಬಂದ ಹಿಟ್ಟಿನಂತೆ ಅಂದೆ.
ಅಲ್ಲ, ಮಲಗಿ ಎದ್ದ ಹೊಗೆಸೊಪ್ಪು ಅಂದಳು.

ಮೊಮ್ಮಗಳು ಶೆವೋನ್ ಕೇಪ್‌ಟೌನಿನ ಪ್ರಯೋಗಾಲಯದಿಂದ
ಈಸ್ಟರ್ ರಜೆಗೆ ಬಂದಿದ್ದಾಳೆ.
ಇಲಿಯ ಮಿದುಳನ್ನು ಹಪ್ಪಳಕ್ಕಿಂತ ತೆಳ್ಳಗೆ ಕುಯ್ಯುವ ಕೈ
ಇಲ್ಲಿ ಈರುಳ್ಳಿ ಹೆಚ್ಚುತ್ತಾ ಹೇಳುತ್ತದೆ:
ಓಮಾ, ನರಕ್ಕೂ ನರಕ್ಕೂ ನಡುವೆ ಒಂದು ಸಂದು.
ಆ ಸಂದಿಗೆ ಈಚೆಯ ನರ ಸೆರೊಟೋನಿನ್ ಬಿಡುತ್ತದೆ,
ನೀನು ಬೆಳಿಗ್ಗೆ ದೊಡ್ಡಿಯಿಂದ ಆಡು ಬಿಟ್ಟ ಹಾಗೆ.
ಎರಡು ಬಾಯಿ ಮೇಯುವಷ್ಟರಲ್ಲಿ
ಮತ್ತೆ ಒಳಗೆ ಎಳೆದುಕೊಳ್ಳುವ ಅವಸರದ ಬಾಗಿಲೊಂದಿದೆ.
ಕನ್ನದ ಮೆಸೆಂಬ್ರೀನ್
ಆ ಬಾಗಿಲಿಗೆ ಅಡ್ಡ ಮಲಗುವ ನಾಯಿ.
ಆಡುಗಳು ಇನ್ನಷ್ಟು ಹೊತ್ತು ಮೇಯುತ್ತವೆ.

ಟ್ರೈನ್‌ಕಿ ತುಸು ಹೊತ್ತು ಗುಡ್ಡ ನೋಡಿದಳು.
ಕತ್ತಲಾದ ಮೇಲೂ ಎಲ್ಲ ಹೊರಗೇ ಉಳಿದರೆ
ನರಿ ಬರುತ್ತದಲ್ಲ?

ಚಾಕು ನಿಂತಿತು.

ಅದಕ್ಕೇ ನಾನು, ಅಂದಳು ಮುದುಕಿ,
ಕ್ಲಿನಿಕ್ಕಿನ ಬಿಳಿ ಗುಳಿಗೆ ನುಂಗುವವರಿಗೆ
ಚಿಟಿಕೆಯನ್ನೂ ಕೊಡುವುದಿಲ್ಲ.
ಒಂದೇ ಬಾಗಿಲಿಗೆ ಎರಡು ನಾಯಿ ಯಾಕೆ?

ನಿನಗೆ ಯಾರು ಹೇಳಿದ್ದು?
ಸೊಫೀಯಾಳ ಮಗ. ಎರಡನ್ನೂ ತಿಂದು
ಮೂರು ರಾತ್ರಿ ನಡುಗಿದ. ಅವನೇ ಹೇಳಿದ್ದು.

ಶೆವೋನ್ ಟಿಪ್ಪಣಿ ಪುಸ್ತಕ ಹುಡುಕಿದಳು.
ಬರೆದದ್ದೇನೋ, ಹೊಡೆದು ಹಾಕಿದಳು.
ನಮಗೆ ಕಂಡದ್ದೆಲ್ಲ ಗಾಜಿನ ಬಟ್ಟಲಲ್ಲಿ, ಓಮಾ.
ಮನುಷ್ಯರೊಳಗೆ ಇನ್ನೂ ಮಬ್ಬು.

ಸಂಜೆಗೆ ಬಂದವನು ಪೋರ್ಟ್ ನೊಲೊತ್ತಿನ ಬೆಸ್ತ,
ಗೆರ್ಟ್ ಸ್ವಾರ್ಟ್‌ಬೋಯಿ.
ತಮ್ಮನನ್ನು ಸಮುದ್ರ ಮಾರ್ಚಿಯಲ್ಲಿ ತೆಗೆದುಕೊಂಡಿತು,
ವಾಪಸು ಕೊಡಲಿಲ್ಲ.
ಬಾಗಿಲಲ್ಲಿ ನಿಂತ. ಕೂರು ಅಂದಮೇಲೆ ಕೂತ,
ಕೂತವನು ಕೂತ ಹಾಗೇ.
ಗುಳಿಗೆ ತಗೊಳ್ತೀಯಾ? ತಲೆ ಅಲ್ಲಾಡಿಸಿದ.
ನೆಲಗಡಲೆಯಷ್ಟು ಉಂಡೆ, ದವಡೆಯ ಕೆಳಗಿಡು, ನುಂಗಬೇಡ.
ಅವಳೂ ಒಂದು ಇಟ್ಟುಕೊಂಡಳು.
ಒಬ್ಬನೇ ಅಗಿಯುವಂಥದ್ದಲ್ಲವಂತೆ ಅದು.

ಮಾತಿಲ್ಲ. ನಾಲಿಗೆಗೆ ಜೋಮು.
ನಾನು ಕಾದದ್ದು ನಗುವಿಗೋ, ಅಳುವಿಗೋ,
ಈಗ ನಾಚಿಕೆಯಾಗುತ್ತದೆ ಹೇಳಲು.
ಒಲೆಯ ಮೇಲಿನ ಕೆಟಲು ಸಿಳ್ಳು ಹಾಕಿತು.
ಅಷ್ಟು ಹೊತ್ತು ಯಾವ ಸದ್ದಿಗೂ ತಿರುಗದ ಕತ್ತು
ಆ ಕಡೆ ತಿರುಗಿತು.

ತಮ್ಮ ಸತ್ತೇ ಇದ್ದ. ಸಮುದ್ರ ನೂರು ಕಿಲೋಮೀಟರು ಆಚೆ
ಇದ್ದಲ್ಲೇ ಇತ್ತು. ಏನೂ ಕಳುವಾಗಿರಲಿಲ್ಲ.
ಗೋಡೆಯಲ್ಲಿ ಎಲ್ಲೋ ಒಂದು ಕೈ ತೂರುವಷ್ಟು
ಬೆಳಕು ಬಂದಿತ್ತೋ ಏನೋ,
ಗೆರ್ಟ್ ಕೇಳಿದ:
ಸಕ್ಕರೆ ಇದೆಯಾ?

ಇದೆ, ಅಂದಳು ಟ್ರೈನ್‌ಕಿ,
ಚೀಲವೇ ಇರಲಿಲ್ಲ, ಡಬ್ಬಿಗೆ ಸುರಿದಿದ್ದೇನೆ.